ಜೂನ್ ಒಂದು

ನಮ್ಮ ಕ್ಲಾಸಿನಾಗ ಮೂವತ್ತೆಂಟು ಮಂದಿ,
ಎಲ್ಲಾರೂ ಜೂನ್ ಒಂದಕ್ಕೇ ಹುಟ್ಟಿದವರು.
ಹೆಡ್‌ಮಾಸ್ತರು ಗುಂಡೇರಾಯರು ಒಂದೇ ಮುಂಜಾನಿ
ನೀಲಿ ಮಸಿಯಾಗ ಅಷ್ಟೂ ಮಂದೀನ ಹಡದು
ಚಾ ಕುಡ್ಯಾಕ ಹೋಗಿದ್ರಂತ.

ಅವ್ವನ ಲೆಕ್ಕ ಬ್ಯಾರೆ:
ನೀ ಹುಟ್ಟಿದ್ದು ಎಳ್ಳಾಮಾಸಿ ಮರುದಿನ,
ಹೊಲದಿಂದ ತಂದ ಭಜ್ಜಿ ಇನ್ನಾ ಬೋಗುಣ್ಯಾಗಿತ್ತು,
ಥಂಡಿಗಿ ನಿನ್ನ ಕಿವಿ ಕೆಂಪಗಾಗಿದ್ವು.

ಆಸ್ಟ್ರೇಲಿಯಾದ ಫಾರ್ಮು ಕೇಳ್ತದ, ವಯಸ್ಸೆಷ್ಟು?
ನಲವತ್ತು ತುಂಬಿದ್ರ ಹತ್ತು ಪಾಯಿಂಟ್ ಉದುರ್ತಾವ.
ಸುಪರ್ ಮಾರ್ಕೆಟ್‌ನ ಮಾಳಿಗಿ ಮ್ಯಾಲ
ಫರ್ಹತ್ ಮೇಡಂ ಕ್ಯಾಲ್ಕುಲೇಟರ್ ನನ್ನ ಕಡಿ ತಿರುಗಿಸಿದ್ರು:
ಮೇ ಮುಗಿಯೂದ್ರಾಗ ಅವರು ಕರದ್ರ ಕರದಂಗ.
ಬೀಗರು ಕರದಂಗೇನ್ರಿ, ಅಂದೆ.
ಅವರು ನಗಲಿಲ್ಲ.
ಮೇಡಂ, ನಾ ಖರೆ ಅಂದ್ರ ಏಳೆಂಟು ತಿಂಗಳು ಸಣ್ಣಾಂವ.
ಎಲ್ಲಿ ಬರದದ?
ಅವ್ವನ ಬಾಯಾಗ.
ಅದನ್ನ ಸ್ಕ್ಯಾನ್ ಮಾಡ್ಸಿ ತರ್ರಿ, ಅಂದು ಮುಂದಿನವನನ್ನ ಕರದ್ರು.

ಆಧಾರದಾಗ ದೇವಿಂದ್ರಪ್ಪ, ಐಟಿಐ ಕಾಗದದಾಗ ದೇವೇಂದ್ರ,
ಅದರಾಗ ಊರು ಗುಲ್ಬರ್ಗಾ, ಪಾಸ್‌ಪೋರ್ಟಿನಾಗ ಕಲಬುರಗಿ.
ಊರಿನ ಹೆಸರು ಬದಲಿ ಮಾಡಿದ್ದು ಸರ್ಕಾರ,
ಪ್ರಮಾಣ ಮಾಡಬೇಕಾದಾಂವ ಸಾಯಬಣ್ಣನ ಮಗ:
ಈ ಎರಡೂ ಒಂದೇ ಊರು,
ಈ ಇಬ್ಬರೂ ಒಬ್ಬಾಂವೇ.
ಕೋರ್ಟಿನ ಬೇವಿನ ಗಿಡದ ಬುಡಕ ನೋಟರಿ
ನನ್ನ ಮಾರಿ ನೋಡದೇ ಶಿಕ್ಕಾ ಹೊಡದ.

ಇಂಗ್ಲಿಷ್ ಪರೀಕ್ಷಾಕ್ಕ ಹೈದರಾಬಾದಿಗಿ ಹೋದೆ.
ಕಿವಿಯಾಗ ಯಾವಕಿನೋ ಲೈಬ್ರರಿಗಿ ದಾರಿ ಕೇಳ್ತಿದ್ಲು.
ಪಾಪ, ಮೂರು ಸಲ ದಾರಿ ತಪ್ಪಿದ್ಲು.
ಅಕಿನ ನಾನೇ ಮುಟ್ಟಿಸಿ ಬಂದೆ, ಆರೂವರಿ ಸಿಕ್ತು.

ಉಳಿದದ್ದು ಅನುಭವದ ಪತ್ರ.
ಹನ್ನೊಂದು ವರ್ಷ ಬಾಯ್ಲರ್ ಬೆಸೆದ ಶಹಾಬಾದಿನ ಫ್ಯಾಕ್ಟರಿ
ಮುಚ್ಚಿ ಏಳು ವರ್ಷ, ಗೇಟಿನಾಗ ಜಾಲಿ ಬೆಳದದ.
ಪೈಪಿನ ಮ್ಯಾಲ ನನ್ನ ಬೆಸುಗಿ ಇನ್ನಾ ಹಾಂಗೇ ಅವ,
ಮೀನಿನ ಹುರುಪಿಯಂಗ ಒಂದರ ಮ್ಯಾಲೊಂದು.
ಕೈ ಆಡಿಸಿದೆ. ಮಾತಾಡ್ತಾವೇನು?

ಟೈಮ್‌ಕೀಪರ್ ಲಾಡ್ಲೆಸಾಬ ಈಗ ಪರ್ಶಿಕಲ್ಲಿನ ಪಾಲಿಶ್ ಮಷಿನ್ ಕಡಿ ಇರ್ತಾನ.
ಹುಬ್ಬಿನ ಮ್ಯಾಲೆಲ್ಲಾ ಬಿಳಿ ಧೂಳು, ವಯಸ್ಸು ಯಾವುದೋ ತಿಳಿಯಂಗಿಲ್ಲ.
ಟ್ರಂಕಿನಾಗಿಂದ ಹಾಜರಿ ಪುಸ್ತಕ ತೆಗದ.
ಗೆದ್ದಲಿ ತಿಂದ ಅಂಚು ಬಿಟ್ರ ಎಲ್ಲಾ ಅದ.
ಹಾಜರ, ಹಾಜರ, ಹಾಜರ,
ವರ್ಷಕ್ಕೊಂದು ಖಾಡಾ. ಅದರ ಬಾಜೂಕ ಉರ್ದೂದಾಗ ಸಣ್ಣಂದು.
ಏನದು ಚಾಚಾ?
ಪೈದಾಯಿಷ್. ಎಳ್ಳಾಮಾಸಿ ಮರುದಿನ ನೀನೇ ಪೇಢಾ ತಂದು ಹೇಳ್ತಿದ್ದಿ,
ಮರೀಬಾರ್ದಂತ ಬರದಿಟ್ಟೆ.

ಹನ್ನೊಂದು ಖಾಡಾ, ಹನ್ನೊಂದು ತಾರೀಖು,
ಒಮ್ಮೆ ಡಿಸೆಂಬರ್, ಒಮ್ಮೆ ಜನವರಿ.
ಚಂದ್ರನಿಗೆ ಫಾರ್ಮಿನ ಚೌಕಟ್ಟಿನಾಗ ಕುಂದ್ರಾಕ ಬರಂಗಿಲ್ಲ.

ಕಾಗದ ಬರಸ್ಕೊಂಡೆ. ಕೆಲಸಾ ಏನಂತ ಬರೀಲಿ, ಅಂದ.
ತೂತು ಮುಚ್ಚೂದು, ಅಂದೆ.
ಆಂವ ಅದನ್ನೇ ಬರದ. ಕಂಪನಿ ಶಿಕ್ಕಾ ಇಲ್ಲ,
ತನ್ನ ಪೆನ್ಶನ್ ನಂಬರ್ ಹಾಕಿ ದಸ್ತಖತ್ ಮಾಡ್ದ.
ಮೇಡಂ ಎರಡು ಸಲ ಓದಿ, ಏನೂ ಅನ್ನದೇ ಅಪ್‌ಲೋಡ್ ಮಾಡಿದ್ರು.

ಮೇ ಮೂವತ್ತೊಂದು. ಸಂಜಿ ಏಳೂವರಿ.
ಗಾಳಿ ಇನ್ನಾ ಒಲಿಮುಂದ ನಿಂತಂಗ ಸುಡ್ತದ.
ಮೆಲ್ಬರ್ನಿನಾಗ ಹನ್ನೆರಡು ಹೊಡೀತು, ಅಲ್ಲಿ ನನಗ ನಲವತ್ತು.
ಕ್ಲಾಸಿನ ಗ್ರೂಪಿನಾಗ ಯಾವನೋ ಅವಸರದಾಂವ ಕೇಕಿನ ಚಿತ್ರ ಕಳಿಸ್ಯಾನ:
ಎಲ್ಲಾರಿಗೂ ಎಲ್ಲಾರ ಹುಟ್ಟಹಬ್ಬದ ಶುಭಾಶಯ.
ಮೇಲ್ ತೆಗದು ನೋಡ್ದೆ. ಮುಚ್ಚಿದೆ.

ಇಲ್ಲಿ ಇನ್ನಾ ನಾಕೂವರಿ ತಾಸು ಮೂವತ್ತೊಂಬತ್ತು.
ಹುಮನಾಬಾದ್ ರೋಡಿನ ಯಾರದೋ ಗೇಟು ಅರ್ಧಾ ಆಗ್ಯಾದ,
ಡಬ್ಬಿಯಾಗ ಎರಡು ರಾಡ್ ಉಳದಾವ.
ಕನ್ನಡಿ ಮಾರಿ ಮ್ಯಾಲ ಇಳಿಸಿದೆ.